ಗಾಲ್ಫ್ ರೌಂಡ್ ಕೆಟ್ಟುಹೋದ ಮೇಲೆ ತಲೆ ಕೆಡಿಸಿಕೊಳ್ಳದಿರುವುದು ಹೇಗೆ? ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಗಾಲ್ಫ್‌ನಲ್ಲಿ ಆಟ ಕೆಟ್ಟರೆ ಬೈಯೋದಕ್ಕೆ ಯಾರೂ ಸಿಗುವುದಿಲ್ಲ. ತಪ್ಪು ತೀರ್ಪು ಕೊಟ್ಟ ಅಂಪೈರ್ ಇಲ್ಲ, ಕ್ಯಾಚ್ ಬಿಟ್ಟ ಜೊತೆಗಾರ ಇಲ್ಲ. ಚೆಂಡು ಅಲ್ಲಾಡದೆ ನಿಮಗಾಗಿ ಕಾಯುತ್ತಾ ಕೂತಿರುತ್ತದೆ, ಅದನ್ನು ಪೊದೆಗೆ ಕಳಿಸಿದವರು ನೀವೇ. ಇನ್ನೊಂದು ತೊಂದರೆ ಏನೆಂದರೆ, ನಾಲ್ಕು ಗಂಟೆಯ ಆಟದಲ್ಲಿ ಕ್ಲಬ್ಬು ಚೆಂಡಿಗೆ ತಾಗಿರುವ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ಸೆಕೆಂಡ್ ಆಗುವುದಿಲ್ಲ. ಉಳಿದದ್ದೆಲ್ಲ ನಡೆಯೋದು, ಕಾಯೋದು, ಹಿಂದಿನ ಹೊಡೆತವನ್ನೇ ಮತ್ತೆ ಮತ್ತೆ ನೆನೆಯೋದು. ಸಿಟ್ಟು ಬೆಳೆಯೋದಕ್ಕೆ ಇಷ್ಟು ಬಿಡುವು ಕೊಡುವ ಆಟ ಬೇರೆ ಯಾವುದಿದೆ ಹೇಳಿ.

ಸಿಟ್ಟೇ ಬರಬಾರದು ಅಂತ ನಾನು ಹೇಳುವುದಿಲ್ಲ. ಬರುತ್ತದೆ, ಬರಲಿ. ಆದರೆ ಸಿಟ್ಟಿನಲ್ಲಿರುವಾಗ ನಿಮ್ಮ ಆಟದ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ಆ ಸಂಜೆ ನಿಮ್ಮ ತಲೆ ಒಂದು ಕಥೆ ಹೇಳುತ್ತಿರುತ್ತದೆ, ಜೇಬಿನಲ್ಲಿರುವ ಸ್ಕೋರ್ ಕಾರ್ಡ್ ಇನ್ನೊಂದನ್ನು ಹೇಳುತ್ತಿರುತ್ತದೆ. ಎರಡೂ ಒಂದೇ ಆಗಿರುವುದು ತೀರಾ ಕಡಿಮೆ. ಕೆಳಗಿನ ಹಂತಗಳೆಲ್ಲ ಮೊದಲನೆಯದನ್ನು ತಣ್ಣಗಾಗಿಸಿ ಎರಡನೆಯದನ್ನು ಓದುವುದಕ್ಕೆ.

ಹಂತ 1: ಕೊನೆಯ ಗ್ರೀನ್ ಬಿಡುವ ಮೊದಲು

ಕೊನೆಯ ಗ್ರೀನ್‌ನಲ್ಲಿ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಕೊನೆಯ ಪಟ್ (ಚೆಂಡನ್ನು ಉರುಳಿಸುವ ಮೆಲು ಹೊಡೆತ) ಹೋಲ್‌ಗೆ ಬಿದ್ದ ಮೇಲೆ ಟೋಪಿ ತೆಗೆಯಿರಿ, ಜೊತೆಯಲ್ಲಿ ಆಡಿದವರ ಕೈ ಕುಲುಕಿ, ಅವರ ಮುಖ ನೋಡಿ ಒಂದು ಮಾತಾಡಿ. ಅವರಲ್ಲಿ ಒಬ್ಬರು ಈ ವರ್ಷದ ಒಳ್ಳೆಯ ಸ್ಕೋರ್ ಮಾಡಿರಬಹುದು, ನಿಮ್ಮ ಗಂಟು ಮುಖ ನೋಡಿ ಪಾಪ ಸಂತೋಷವನ್ನು ಅದುಮಿಟ್ಟುಕೊಂಡಿರಬಹುದು. ಅವರಿಗೆ ಶಾಭಾಷ್ ಹೇಳಿ. ಹೇಳುವಾಗ ಸ್ವಲ್ಪ ನಾಟಕ ಅನ್ನಿಸಿದರೂ ಪರವಾಗಿಲ್ಲ.

ಸ್ಪರ್ಧೆಯಾಗಿದ್ದರೆ ಕಾರ್ಡ್‌ಗೆ ಸಹಿ ಹಾಕುವ ಮೊದಲು ಎರಡು ಸಲ ನೋಡಿ. ಬೇಸರದಲ್ಲಿ ಎಲ್ಲರೂ ಜಾರುವ ಜಾಗ ಇದು. ಅಮೆರಿಕದ ದೊಡ್ಡ ಟೂರ್ನಿಯಾದ ಮಾಸ್ಟರ್ಸ್‌ನಲ್ಲಿ, 1968ರ ಕೊನೆಯ ದಿನ, ಅರ್ಜೆಂಟೀನಾದ ರೊಬರ್ಟೊ ಡಿ ವಿಸೆಂಜೊ 18ನೇ ಹೋಲ್‌ನಲ್ಲಿ ಬೋಗಿ (ಪಾರ್‌ಗಿಂತ, ಅಂದರೆ ಆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ, ಒಂದು ಜಾಸ್ತಿ) ಮಾಡಿ ಬಂದು ಕೂತರು. 17ನೇ ಹೋಲ್‌ನಲ್ಲಿ ಅವರು ಮಾಡಿದ್ದು 3, ಜೊತೆಯಲ್ಲಿ ಆಡುತ್ತಿದ್ದವರು ಕಾರ್ಡ್‌ನಲ್ಲಿ ಬರೆದಿದ್ದು 4. ಡಿ ವಿಸೆಂಜೊ ಗಮನಿಸದೆ ಸಹಿ ಹಾಕಿದರು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು, 65 ಆಗಬೇಕಿದ್ದದ್ದು 66 ಆಯಿತು, ಬಾಬ್ ಗೋಲ್ಬಿ ಜೊತೆ ಪ್ಲೇಆಫ್ (ಸ್ಕೋರ್ ಸಮ ಆದಾಗಿನ ನಿರ್ಣಾಯಕ ಆಟ) ಆಡುವ ಅವಕಾಶ ಕೈತಪ್ಪಿತು. ಅವತ್ತು ಅವರ ಹುಟ್ಟುಹಬ್ಬ ಬೇರೆ. ಜಾಸ್ತಿ ಬರೆದರೆ ಆ ಸ್ಕೋರ್ ಹಾಗೇ ನಿಲ್ಲುತ್ತದೆ, ಇದ್ದದ್ದಕ್ಕಿಂತ ಕಡಿಮೆ ಬರೆದು ಸಹಿ ಹಾಕಿದರೆ ಸಾಮಾನ್ಯವಾಗಿ ಸ್ಪರ್ಧೆಯಿಂದಲೇ ಹೊರಗೆ.

ಇನ್ನು ಕ್ಲಬ್ ಎಸೆಯೋದು, ಮುರಿಯೋದು. ಅಕ್ಕಪಕ್ಕದವರಿಗೆ ಪೆಟ್ಟಾಗಬಹುದು ಅನ್ನುವುದೇ ಸಾಕು, ಬೇರೆ ಕಾರಣ ಬೇಕಿಲ್ಲ. ಬೇಕೇ ಬೇಕು ಅನ್ನುವವರಿಗೆ 1987ರ ರೈಡರ್ ಕಪ್ ಇದೆ, ಅಮೆರಿಕ ಮತ್ತು ಯುರೋಪ್ ತಂಡಗಳ ಸ್ಪರ್ಧೆ. ಅಮೆರಿಕದ ಬೆನ್ ಕ್ರೆನ್‌ಶಾ ಪಟಿಂಗ್‌ನಲ್ಲಿ ನಿಸ್ಸೀಮರು, ಸ್ವಭಾವ ನೋಡಿ ಜನ ‘ಜೆಂಟಲ್ ಬೆನ್’ ಅಂತ ಕರೆಯುತ್ತಿದ್ದರು. ಅಂಥವರು ಸಿಟ್ಟಿನ ಭರದಲ್ಲಿ ಪಟರ್ (ಪಟ್ ಮಾಡುವ ಕ್ಲಬ್) ಮುರಿದುಕೊಂಡರು. ಉಳಿದ ಗ್ರೀನ್‌ಗಳಲ್ಲಿ ಬೇರೆ ಕೆಲಸದ ಕ್ಲಬ್‌ಗಳಾದ 1-ಐರನ್ ಮತ್ತು ಸ್ಯಾಂಡ್ ವೆಜ್‌ನ ಅಂಚಿನಲ್ಲಿ ಪಟ್ ಮಾಡುತ್ತಾ ಯುರೋಪ್‌ನ ಏಮನ್ ಡಾರ್ಸಿ ಎದುರು ಕೊನೆಯ ಹೋಲ್‌ವರೆಗೂ ಹೋರಾಡಿ ಸೋತರು. ಅಮೆರಿಕದ ನೆಲದಲ್ಲಿ ಯುರೋಪ್ ಮೊದಲ ಸಲ ಗೆದ್ದ ರೈಡರ್ ಕಪ್ ಅದು. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರಲ್ಲ, ಪಟರ್ ಕೂಡ ಬರುವುದಿಲ್ಲ. ಈಗಿನ ನಿಯಮದ ಪ್ರಕಾರವೂ ಸಿಟ್ಟಿನಿಂದ ಹಾಳು ಮಾಡಿದ ಕ್ಲಬ್‌ಗೆ ಬದಲಾಗಿ ಇನ್ನೊಂದನ್ನು ಆ ರೌಂಡ್‌ನಲ್ಲಿ ತೆಗೆದುಕೊಳ್ಳುವ ಹಾಗಿಲ್ಲ.

ಹಂತ 2: ಗೊಣಗಿ, ಆದರೆ ಒಂದು ಮಿತಿ ಇಟ್ಟುಕೊಂಡು

ಎಲ್ಲವನ್ನೂ ನುಂಗಿಕೊಂಡು ನಗುತ್ತಾ ಕೂರೋದು ನನಗೆ ಹಿಡಿಸುವುದಿಲ್ಲ. ಒಳಗೆ ಇಟ್ಟುಕೊಂಡದ್ದು ಮನೆಗೆ ಹೋದ ಮೇಲೆ ಇನ್ಯಾರ ಮೇಲೋ ಬೀಳುತ್ತದೆ. ಮಾತಾಡಿ. ಆದರೆ 18 ಹೋಲ್‌ಗಳ ಪೂರ್ತಿ ಹರಿಕಥೆ ಯಾರಿಗೂ ಬೇಡ, ಗಾಲ್ಫ್ ಆಡುವವರಿಗಂತೂ ಬೇಡವೇ ಬೇಡ, ಯಾಕೆಂದರೆ ಅವರು ತಮ್ಮ ಕಥೆ ಹೇಳೋದಕ್ಕೆ ಕಾಯುತ್ತಿರುತ್ತಾರೆ. ಅತ್ಯಂತ ಕೆಟ್ಟ ಒಂದು ಹೋಲ್ ಆರಿಸಿ, ಅದನ್ನು ಚೆನ್ನಾಗಿ ಹೇಳಿ, ಮುಗಿಸಿ. ಕೇಳುವವರು ನಕ್ಕರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಮೊದಲು ಏನಾದರೂ ತಿನ್ನಿ, ನೀರು ಕುಡಿಯಿರಿ. ಬಿಸಿಲಿನಲ್ಲಿ ಎಂಟು ಹತ್ತು ಕಿಲೋಮೀಟರ್ ನಡೆದು ಬಂದ ಮೈ ಅದು. ಸಿಟ್ಟು ಅಂದುಕೊಂಡದ್ದರಲ್ಲಿ ಹಸಿವು, ಬಾಯಾರಿಕೆಯ ಪಾಲೂ ಇರುತ್ತದೆ.

ಹಂತ 3: ಅವತ್ತೇ ಏನನ್ನೂ ರಿಪೇರಿ ಮಾಡಬೇಡಿ

ಜಾಸ್ತಿ ಜನ ಎಡವುವುದು ಇಲ್ಲಿ. ಕಾರ್ಡ್ ಕೊಟ್ಟ ತಕ್ಷಣ ನೇರ ರೇಂಜ್‌ಗೆ (ಅಭ್ಯಾಸದ ಜಾಗಕ್ಕೆ) ಹೋಗಿ ಒಂದು ಬುಟ್ಟಿ ಚೆಂಡು ತಗೊಂಡು ಡ್ರೈವರ್ (ದೂರ ಹೊಡೆಯುವ ಕ್ಲಬ್) ಬೀಸೋದು. ದಣಿದ ಕಾಲು, ಬಿಗಿದ ಭುಜ, ಹಿಡಿತ ಗಟ್ಟಿ, ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡೋಕೆ ಪುರುಸೊತ್ತಿಲ್ಲ. ಆ ಹೊತ್ತಿನಲ್ಲಿ ನೀವು ಕಲಿಯುವುದು ಸಿಟ್ಟಿನ ಸ್ವಿಂಗ್. ಪ್ರೊಗಳೂ ರೌಂಡ್ ಮುಗಿಸಿ ರೇಂಜ್‌ಗೆ ಹೋಗುತ್ತಾರಲ್ಲ ಅಂತ ಕೇಳಬಹುದು. ಹೋಗುತ್ತಾರೆ, ಆದರೆ ಅವರ ಹಿಂದೆ ಕೋಚ್ ನಿಂತಿರುತ್ತಾರೆ, ಮರುದಿನ ಬೆಳಗ್ಗೆ ಮತ್ತೆ ಸ್ಪರ್ಧೆ ಇರುತ್ತದೆ. ನಿಮಗೆ ಎರಡೂ ಇಲ್ಲ.

ರಾತ್ರಿ ಫೋನ್ ಹಿಡಿದು ಸ್ವಿಂಗ್ ವಿಡಿಯೊಗಳ ಬೆನ್ನು ಹತ್ತುವುದೂ ಇದೇ ಜಾತಿಯ ಕೆಲಸ. ಒಬ್ಬರು ಗ್ರಿಪ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಸೊಂಟ ತಿರುಗಿಸಿ ಅನ್ನುತ್ತಾರೆ, ಮೂರನೆಯವರು ಇಬ್ಬರೂ ಹೇಳಿದ್ದು ತಪ್ಪು ಅನ್ನುತ್ತಾರೆ. ಮಲಗುವ ಹೊತ್ತಿಗೆ ತಲೆಯಲ್ಲಿ ಹನ್ನೊಂದು ಸ್ವಿಂಗ್. ಹೊಸ ಡ್ರೈವರ್ ಖರೀದಿ ಕೂಡ ಬೇಡ. ಕಾರ್ಡ್ ಬಿಚ್ಚಿ ನೋಡಿದರೆ ಹೊಡೆತಗಳು ಹೋಗಿದ್ದು ಗ್ರೀನ್ ಸುತ್ತ, ಖರ್ಚು ಮಾಡುವುದು ಡ್ರೈವರ್ ಮೇಲೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಇನ್ನು ಮೇಲೆ ಗಾಲ್ಫ್ ಆಡೋದೇ ಇಲ್ಲ ಅನ್ನುವ ಪ್ರತಿಜ್ಞೆಯನ್ನು ಮಾತ್ರ ಧಾರಾಳವಾಗಿ ಮಾಡಿಕೊಳ್ಳಬಹುದು. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ನೀವೂ ಸೇರಿ.

ಹಂತ 4: ಮಾರನೇ ದಿನ ಕಾರ್ಡ್ ಬಿಚ್ಚಿ

ಒಂದು ರಾತ್ರಿ ನಿದ್ದೆ ಆದ ಮೇಲೆ ಕಾರ್ಡ್, ಒಂದು ಪೆನ್ನು, ಹತ್ತು ನಿಮಿಷ. ಈ ಹಂತವನ್ನು ಮಾತ್ರ ಬಿಡಬೇಡಿ.

ಒಂದು ಉದಾಹರಣೆ ತಗೊಳ್ಳೋಣ. ಪಾರ್ 72ರ ಕೋರ್ಸ್, ನೀವು ಸಾಮಾನ್ಯವಾಗಿ 92ರ ಆಸುಪಾಸು ಆಡುವವರು, ಅವತ್ತು 101. ತಲೆ ಹೇಳುವುದು ಒಂದೇ ಮಾತು: ‘ಒಂದೂ ಸರಿಯಾಗಲಿಲ್ಲ’. ಈಗ ಕಾರ್ಡ್ ನೋಡಿ.

4ನೇ ಹೋಲ್, ಪಾರ್ 4, ನೀವು ಮಾಡಿದ್ದು 8. ಹೇಗಾಯಿತು ಅಂತ ಒಂದೊಂದೇ ಹೊಡೆತ ಬರೆಯಿರಿ. ಮೊದಲನೆಯದು ಔಟ್ ಆಫ್ ಬೌಂಡ್ಸ್, ಅಂದರೆ ಕೋರ್ಸ್‌ನ ಗಡಿಯ ಹೊರಗೆ. ಅದಕ್ಕೆ ಒಂದು ಪೆನಾಲ್ಟಿ, ಅಲ್ಲಿಗೆ 2. ಟೀಯಿಂದ (ಹೋಲ್ ಶುರುವಾಗುವ ಜಾಗದಿಂದ) ಮತ್ತೆ ಹೊಡೆದಿದ್ದು ಮೂರನೆಯದು, ಮರಗಳ ನಡುವೆ ಹೋಯಿತು. ನಾಲ್ಕನೆಯದನ್ನು ಎರಡು ಮರಗಳ ಸಂದಿಯಲ್ಲಿ ತೂರಿಸಲು ಹೋದಿರಿ, ಕಾಂಡಕ್ಕೆ ಬಡಿದು ಅಲ್ಲೇ ಬಿತ್ತು. ಐದನೆಯದು ಪಕ್ಕಕ್ಕೆ ತೆಗೆದದ್ದು, ಆರನೆಯದು ಗ್ರೀನ್ ಮೇಲೆ, ಎರಡು ಪಟ್, ಒಟ್ಟು 8. ಈ ಹೋಲ್‌ನಲ್ಲಿ ನಿಮ್ಮ ಮಾಮೂಲಿ ಸ್ಕೋರ್ 5. ಜಾಸ್ತಿ ಹೋದ ಮೂರರಲ್ಲಿ ಎರಡು ಆ ಒಂದು ಡ್ರೈವ್‌ನ ಲೆಕ್ಕಕ್ಕೆ. ಮೂರನೆಯದಕ್ಕೂ ಸ್ವಿಂಗ್‌ಗೂ ಸಂಬಂಧವಿಲ್ಲ. ಸಂದಿಯ ಆಸೆ ಬಿಟ್ಟು ಮೊದಲೇ ಪಕ್ಕಕ್ಕೆ ತೆಗೆದಿದ್ದರೆ 7ಕ್ಕೆ ಮುಗಿಯುತ್ತಿತ್ತು. ಅಲ್ಲಿ ಆಡಿದ್ದು ಸಿಟ್ಟು.

11ನೇ ಹೋಲ್, ಪಾರ್ 3. ಟೀ ಶಾಟ್ ನೀರಿಗೆ, ಒಂದು ಪೆನಾಲ್ಟಿ, ಡ್ರಾಪ್ ಮಾಡಿ ಗ್ರೀನ್‌ಗೆ, ಮೂರು ಪಟ್: 6. ಮಾಮೂಲಿ 4. 15ನೇ ಹೋಲ್, ಪಾರ್ 5. ಡ್ರೈವ್ ಚೆನ್ನಾಗಿತ್ತು, ಎರಡನೆಯದು ಚೆಂಡಿನ ತಲೆಗೆ ತಾಗಿ ಉರುಳಿತು, ಮೂರನೆಯದು ಬಂಕರ್‌ಗೆ (ಮರಳಿನ ಗುಂಡಿಗೆ), ಹೊರಗೆ ತೆಗೆಯಲು ಎರಡು ಹೊಡೆತ, ಮತ್ತೆ ಮೂರು ಪಟ್: 8. ಮಾಮೂಲಿ 6.

ಕೂಡಿಸಿ. ಈ ಮೂರು ಹೋಲ್‌ಗಳಲ್ಲಿ ಜಾಸ್ತಿ ಹೋದದ್ದು ಏಳು. ಇಡೀ ರೌಂಡ್‌ನಲ್ಲಿ ಜಾಸ್ತಿ ಆಗಿದ್ದೇ ಒಂಬತ್ತು. ಅಂದರೆ ಉಳಿದ ಹದಿನೈದು ಹೋಲ್‌ಗಳಲ್ಲಿ ನೀವು ದಿನಾ ಆಡುವ ಆಟಕ್ಕಿಂತ ಕೇವಲ ಎರಡು ಹೊಡೆತ ಹಿಂದೆ ಬಿದ್ದಿದ್ದೀರಿ. ‘ಒಂದೂ ಸರಿಯಾಗಲಿಲ್ಲ’ ಅನ್ನುವ ಮಾತು ಎಲ್ಲಿ ನಿಂತಿತು?

ಹೀಗೆ ಬರೆದುಕೊಂಡ ಮೇಲೆ ಪ್ರತಿ ನಷ್ಟದ ಮುಂದೆ ಒಂದು ಗುರುತು ಹಾಕಿ: ಹೊಡೆತ ಕೆಟ್ಟದ್ದು, ತೀರ್ಮಾನ ಕೆಟ್ಟದ್ದು, ಅಥವಾ ದುರದೃಷ್ಟ. ದುರದೃಷ್ಟ ಅನ್ನುವುದಕ್ಕೆ ಸ್ವಲ್ಪ ಕಟ್ಟುನಿಟ್ಟಾಗಿರಿ. ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಮಧ್ಯಕ್ಕೆ ಬಿದ್ದ ಚೆಂಡು ಹಳೆಯ ಡಿವಟ್‌ನಲ್ಲಿ (ಕ್ಲಬ್ ಕಿತ್ತ ಹುಲ್ಲಿನ ಗುಳಿಯಲ್ಲಿ) ಕೂತರೆ ದುರದೃಷ್ಟ. ನೀರಿನ ಅಂಚಿಗೇ ಗುರಿ ಇಟ್ಟು ಚೆಂಡು ನೀರಿಗೆ ಬಿದ್ದರೆ ಅದನ್ನು ಹಾಗೆ ಕರೆಯೋಕಾಗಲ್ಲ. ತೀರ್ಮಾನದ ಸಾಲಿನಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಗುರುತು ಬೀಳುವ ಸಾಧ್ಯತೆ ಇದೆ. ಅದು ಒಳ್ಳೆಯ ಸುದ್ದಿಯೇ. ಸ್ವಿಂಗ್ ತಿದ್ದೋದಕ್ಕೆ ತಿಂಗಳುಗಟ್ಟಲೆ ಬೇಕು, ತೀರ್ಮಾನವನ್ನು ಮುಂದಿನ ವಾರವೇ ತಿದ್ದಬಹುದು.

ಕಾರ್ಡ್ ಮಡಚುವ ಮೊದಲು ಅವತ್ತಿನ ಚೆನ್ನಾದ ಹೊಡೆತಗಳನ್ನೂ ಬರೆಯಿರಿ. ಎರಡೋ ಮೂರೋ ಇದ್ದೇ ಇರುತ್ತವೆ. ಕೆಟ್ಟದ್ದು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ, ಒಳ್ಳೆಯದನ್ನು ಬರೆದಿಟ್ಟುಕೊಳ್ಳಬೇಕು.

ಹಂತ 5: ನಿರೀಕ್ಷೆಯ ಲೆಕ್ಕ ಸರಿ ಮಾಡಿಕೊಳ್ಳಿ

ಬೇಸರದ ದೊಡ್ಡ ಪಾಲು ಬರುವುದು ಒಂದು ತಪ್ಪು ಲೆಕ್ಕದಿಂದ. ನಮ್ಮ ಅತ್ಯುತ್ತಮ ಆಟವನ್ನೇ ನಮ್ಮ ನಿಜವಾದ ಆಟ ಅಂದುಕೊಂಡುಬಿಡುತ್ತೇವೆ. ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತಗಳ ಲೆಕ್ಕ) ಕೂಡ ಈ ಭ್ರಮೆಗೆ ಸ್ವಲ್ಪ ತುಪ್ಪ ಸುರಿಯುತ್ತದೆ.

2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ನಿಮ್ಮ ಇತ್ತೀಚಿನ 20 ರೌಂಡ್‌ಗಳನ್ನು ನೋಡಿ, ಅವುಗಳಲ್ಲಿ ಚೆನ್ನಾಗಿರುವ 8ರ ಸರಾಸರಿ ತೆಗೆಯುತ್ತದೆ. ಉಳಿದ 12 ಲೆಕ್ಕಕ್ಕೇ ಇಲ್ಲ. ಅಂದರೆ ನಿಮ್ಮ ಹ್ಯಾಂಡಿಕ್ಯಾಪ್ ಹೇಳುವುದು ಆಟ ಹತ್ತಿದ ದಿನ ನೀವು ಎಷ್ಟು ಆಡಬಲ್ಲಿರಿ ಅನ್ನುವುದನ್ನು. ಮಾಮೂಲಿ ದಿನ ಅದಕ್ಕಿಂತ ಒಂದಷ್ಟು ಹೊಡೆತ ಜಾಸ್ತಿಯೇ ಆಗುತ್ತದೆ, ಆಗಲೇಬೇಕು, ಲೆಕ್ಕ ಇರುವುದೇ ಹಾಗೆ. ಹ್ಯಾಂಡಿಕ್ಯಾಪ್‌ಗೆ ಸರಿಯಾಗಿ ಆಡಲಿಲ್ಲ ಅಂತ ಪ್ರತಿ ವಾರ ಕೊರಗುವವರು ಈ ಒಂದು ವಿಷಯ ತಿಳಿದುಕೊಂಡರೆ ಅರ್ಧ ಕೊರಗು ಕಡಿಮೆಯಾಗುತ್ತದೆ.

ಜೊತೆಗೆ, ಒಂದು ಹೋಲ್‌ನಲ್ಲಿ ಎಷ್ಟೇ ಕೆಟ್ಟು ಆಡಿದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹೋಗುವ ಸಂಖ್ಯೆಗೆ ಮಿತಿ ಇದೆ: ಪಾರ್‌ಗೆ ಎರಡು ಸೇರಿಸಿ, ಆ ಹೋಲ್‌ನಲ್ಲಿ ನಿಮಗೆ ಸಿಗುವ ಹ್ಯಾಂಡಿಕ್ಯಾಪ್ ಹೊಡೆತವನ್ನೂ ಸೇರಿಸಿದರೆ ಎಷ್ಟೋ ಅಷ್ಟು. ಮೇಲಿನ ಉದಾಹರಣೆಯಲ್ಲಿ 4ನೇ ಹೋಲ್‌ಗೆ ಒಂದು ಹೊಡೆತ ಸಿಗುವುದಾದರೆ ಆ 8 ಅಲ್ಲಿ 7 ಆಗುತ್ತದೆ. ಪದ್ಧತಿಯನ್ನು ರೂಪಿಸಿದವರಿಗೇ ಗೊತ್ತು, ಎಲ್ಲರಿಗೂ ಒಂದೊಂದು ಹೋಲ್ ಕೈಕೊಡುತ್ತದೆ ಅಂತ. ನೀವು ಮಾತ್ರ ನಿಮ್ಮನ್ನು ಕ್ಷಮಿಸುವುದಿಲ್ಲ ಅಂದರೆ ಹೇಗೆ?

ಪಟಿಂಗ್ ವಿಷಯವೂ ಅಷ್ಟೇ. ಎಂಟು ಅಡಿ ದೂರದ ಪಟ್ ತಪ್ಪಿದರೆ ತಲೆ ಚಚ್ಚಿಕೊಳ್ಳುತ್ತೀರಿ ಅಲ್ವಾ? ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ) ಆಟಗಾರರು ಆ ದೂರದಿಂದ ಸುಮಾರು ಅರ್ಧದಷ್ಟನ್ನು ಮಾತ್ರ ಹಾಕುತ್ತಾರೆ. ಹತ್ತು ಅಡಿಗೆ ಹೋದರೆ ನೂರಕ್ಕೆ ಸುಮಾರು ನಲವತ್ತು, ಇಪ್ಪತ್ತು ಅಡಿಗೆ ಹದಿನೈದರಷ್ಟು. ಅದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವರ ಕಥೆ ಇದು. ಟಿವಿಯಲ್ಲಿ ನಮಗೆ ಕಾಣಿಸುವುದು ಅವತ್ತು ಮುಂದಿರುವ ನಾಲ್ಕೈದು ಜನ, ಅವರ ಬಿದ್ದ ಪಟ್‌ಗಳು. ಹಿಂದೆ ಬಿದ್ದವರು ತಪ್ಪಿಸಿದ್ದನ್ನು ಯಾರು ತೋರಿಸುತ್ತಾರೆ.

ದೊಡ್ಡವರ ಕೆಟ್ಟ ದಿನಗಳನ್ನೂ ನೆನಪಿಟ್ಟುಕೊಳ್ಳಿ. ಬ್ರಿಟನ್ನಿನ ದೊಡ್ಡ ಟೂರ್ನಿಯಾದ ಓಪನ್‌ನಲ್ಲಿ 1981ರಲ್ಲಿ ಜ್ಯಾಕ್ ನಿಕ್ಲಾಸ್ ಮೊದಲ ದಿನ 83, ಮರುದಿನ 66. 2002ರಲ್ಲಿ ಮಾಸ್ಟರ್ಸ್ ಮತ್ತು ಯುಎಸ್ ಓಪನ್ ಎರಡನ್ನೂ ಗೆದ್ದು ಮ್ಯೂರ್‌ಫೀಲ್ಡ್‌ನ ಓಪನ್‌ಗೆ ಬಂದಿದ್ದ ಟೈಗರ್ ವುಡ್ಸ್ ಶನಿವಾರದ ಮಳೆ ಗಾಳಿಯಲ್ಲಿ 81 ಹೊಡೆದರು, ಭಾನುವಾರ 65. ಹದಿನಾರು ಹೊಡೆತಗಳ ವ್ಯತ್ಯಾಸ, ನಡುವೆ ಒಂದೇ ರಾತ್ರಿ. ಆ ರಾತ್ರಿಯಲ್ಲಿ ಯಾರೂ ಹೊಸ ಸ್ವಿಂಗ್ ಕಲಿಯಲಾರರು. ಹವಾಮಾನ ಬದಲಾಯಿತು, ಅವರ ಆಟ ಅದೇ ಇತ್ತು.

ಹಂತ 6: ಒಂದೇ ಒಂದು ವಿಷಯ ಅಭ್ಯಾಸ ಮಾಡಿ

ನಾಲ್ಕನೇ ಹಂತದಲ್ಲಿ ಗುರುತು ಹಾಕಿದ್ದೀರಲ್ಲ, ಅದರಲ್ಲಿ ಜಾಸ್ತಿ ಹೊಡೆತ ತಿಂದ ಒಂದನ್ನು ಆರಿಸಿ. ಒಂದೇ ಗ್ರೀನ್‌ನಲ್ಲಿ ಮೂರು ಪಟ್ ಆಗಿದ್ದು ಜಾಸ್ತಿ ಸಲ ಇದ್ದರೆ ಉದ್ದದ ಪಟ್‌ನ ದೂರ ಅಂದಾಜು ಮಾಡುವ ಅಭ್ಯಾಸ. ಮೂವತ್ತು, ನಲವತ್ತು ಅಡಿಯಿಂದ ಹೊಡೆದು, ಹೋಲ್‌ನ ಸುತ್ತ ಮೂರು ಅಡಿಯೊಳಗೆ ಎಷ್ಟು ನಿಂತವು ಅಂತ ಎಣಿಸಿ, ಹೋಲ್‌ಗೆ ಬಿತ್ತಾ ಇಲ್ಲವಾ ಅನ್ನುವುದು ಇಲ್ಲಿ ಮುಖ್ಯವಲ್ಲ. ಬಂಕರ್ ಆದರೆ ಬಂಕರ್. ಡ್ರೈವ್ ಆದರೆ, ಕಷ್ಟದ ಹೋಲ್‌ಗಳಲ್ಲಿ ಡ್ರೈವರ್ ಬದಲು ಯಾವ ಕ್ಲಬ್ ಹೊಡೆಯಬಹುದು ಅಂತ ಮೊದಲು ಯೋಚಿಸಿ. ಅದಕ್ಕೆ ರೇಂಜ್ ಕೂಡ ಬೇಡ.

ಒಂದಕ್ಕಿಂತ ಜಾಸ್ತಿ ಬೇಡ. ನಾಲ್ಕು ವಿಷಯ ತಿದ್ದೋಕೆ ಹೊರಟವರು ಮುಂದಿನ ರೌಂಡ್‌ಗೆ ನಾಲ್ಕು ಅನುಮಾನ ಹೊತ್ತುಕೊಂಡು ಹೋಗುತ್ತಾರೆ.

ಹಂತ 7: ಮುಂದಿನ ರೌಂಡ್‌ನಲ್ಲಿ ಸೇಡು ತೀರಿಸಿಕೊಳ್ಳಲು ಹೋಗಬೇಡಿ

ಕಳೆದ ಸಲ ಔಟ್ ಆಫ್ ಬೌಂಡ್ಸ್ ಹೋದ ಅದೇ ಟೀ ಮೇಲೆ ನಿಂತಾಗ ಡ್ರೈವರ್ ಹಿಡಿದು ‘ಈ ಸಲ ತೋರಿಸ್ತೀನಿ’ ಅನ್ನಿಸುತ್ತದೆ. ಕೋರ್ಸ್‌ಗೆ ನಿಮ್ಮ ನೆನಪೇ ಇಲ್ಲ. ಮೊದಲ ಮೂರು ಹೋಲ್‌ಗಳಲ್ಲಿ ಗುರಿ ಸಣ್ಣದಾಗಿರಲಿ: ಚೆಂಡು ಆಟದಲ್ಲಿ ಇರಬೇಕು, ಗ್ರೀನ್‌ನ ಮಧ್ಯಕ್ಕೆ ಹೊಡೆಯಬೇಕು, ಧ್ವಜದ ಕಡೆ ನೋಡುವುದು ಆಮೇಲೆ.

ಆಟದ ರೀತಿಯನ್ನೇ ಬದಲಿಸಿದರೆ ಇನ್ನೂ ಒಳ್ಳೆಯದು. ಸ್ಟೇಬಲ್‌ಫೋರ್ಡ್ ಆಡಿ, ಅಂದರೆ ಹೋಲ್ ಹೋಲ್‌ಗೂ ಅಂಕ ಕೊಡುವ ಆಟ. ಅದರಲ್ಲಿ ಒಂದು ಹೋಲ್ ಕೆಟ್ಟರೆ ಸೊನ್ನೆ ಅಂಕ, ಅಷ್ಟೇ, ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು. ಇಲ್ಲವೇ ಸಂಜೆ ಒಂಬತ್ತು ಹೋಲ್, ಕಾರ್ಡ್ ಇಲ್ಲದೆ, ಅರ್ಧ ಬ್ಯಾಗ್ ಕ್ಲಬ್‌ನೊಂದಿಗೆ.

ರೌಂಡ್ ನಡುವೆಯೇ ಸಿಟ್ಟು ಬಂದರೆ ಅದಕ್ಕೊಂದು ಗಡಿ ಹಾಕಿ. ಹೊಡೆದ ಜಾಗದಿಂದ ಹತ್ತು ಹೆಜ್ಜೆ, ಅಷ್ಟರೊಳಗೆ ಮನಸ್ಸಿನಲ್ಲಿ ಏನು ಬೇಕಾದರೂ ಬೈದುಕೊಳ್ಳಿ. ಹನ್ನೊಂದನೇ ಹೆಜ್ಜೆಗೆ ಮುಂದಿನ ಹೊಡೆತದ ಲೆಕ್ಕ ಶುರು: ಎಷ್ಟು ದೂರ, ಗಾಳಿ ಎತ್ತ, ಎಲ್ಲಿ ಬಿದ್ದರೆ ತೊಂದರೆ. ತಲೆಗೆ ಈ ಕೆಲಸ ಕೊಟ್ಟರೆ ಹಳೆಯದನ್ನು ಮೆಲುಕು ಹಾಕೋದಕ್ಕೆ ಜಾಗ ಉಳಿಯುವುದಿಲ್ಲ. 2020ರ ಮಾಸ್ಟರ್ಸ್‌ನ ಕೊನೆಯ ದಿನ ವುಡ್ಸ್ 12ನೇ ಹೋಲ್‌ನಲ್ಲಿ, ಪಾರ್ 3ರಲ್ಲಿ, ಮೂರು ಚೆಂಡು ನೀರಿಗೆ ಹಾಕಿ 10 ಮಾಡಿದರು. ಗೆಲ್ಲುವ ಅವಕಾಶ ಅದಕ್ಕೂ ಮೊದಲೇ ಮುಗಿದಿತ್ತು. ಉಳಿದ ಆರು ಹೋಲ್‌ಗಳಲ್ಲಿ ಐದು ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಹೊಡೆದರು.

ಹಂತ 8: ಒಂದಾದ ಮೇಲೊಂದು ಕೆಟ್ಟರೆ

ಒಂದು ಕೆಟ್ಟ ರೌಂಡ್‌ನಿಂದ ಏನೂ ತಿಳಿಯುವುದಿಲ್ಲ. ನಾಲ್ಕೈದು ಸಾಲಾಗಿ ಕೆಟ್ಟರೆ, ಅದರಲ್ಲೂ ಒಂದೇ ರೀತಿಯಲ್ಲಿ ಕೆಟ್ಟರೆ, ಆಗ ಏನೋ ಇದೆ. ಮೈ ನೋವಿದೆಯಾ ಅಂತ ಮೊದಲು ನೋಡಿ. ಬೆನ್ನು, ಮೊಣಕೈ, ಮಣಿಕಟ್ಟು ಸ್ವಲ್ಪ ಕೈಕೊಟ್ಟರೂ ಸ್ವಿಂಗ್ ನಿಮಗೆ ಗೊತ್ತಿಲ್ಲದೆ ಬದಲಾಗುತ್ತದೆ. ಆಟದ ಸಿಟ್ಟು ಎರಡು ಮೂರು ದಿನವಾದರೂ ಇಳಿಯದೆ ಮನೆಯವರ ಮೇಲೆ ರೇಗುವ ಹಾಗೆ, ನಿದ್ದೆ ಕೆಡುವ ಹಾಗೆ ಆಗುತ್ತಿದ್ದರೆ ಕಾರಣ ಗಾಲ್ಫ್‌ನಲ್ಲಿ ಮಾತ್ರ ಇರಲಾರದು. ಕೆಲವು ವಾರ ಬ್ಯಾಗ್ ಮೂಲೆಗಿಡಿ, ನಂಬಿಕೆಯ ಒಬ್ಬರ ಹತ್ತಿರ ಮಾತಾಡಿ, ಬೇಕೆನಿಸಿದರೆ ಆಪ್ತಸಮಾಲೋಚಕರನ್ನು ಕಾಣಿ. ಇದರಲ್ಲಿ ಮುಜುಗರ ಪಡುವಂಥದ್ದು ಏನಿಲ್ಲ.

ತೊಂದರೆ ಆಟದಲ್ಲೇ ಇದೆ ಅಂತ ಗೊತ್ತಾದರೆ ಕೋಚ್ ಹತ್ತಿರ ಹೋಗಿ. ಹೋಗುವಾಗ ಗುರುತು ಹಾಕಿದ ಆ ನಾಲ್ಕೈದು ಕಾರ್ಡ್ ತಗೊಂಡು ಹೋಗಿ. ‘ಏನೂ ಸರಿಯಾಗ್ತಿಲ್ಲ ಸರ್’ ಅಂದರೆ ಅವರು ಪಾಠದ ಅರ್ಧ ಹೊತ್ತನ್ನು ತೊಂದರೆ ಎಲ್ಲಿದೆ ಅಂತ ಹುಡುಕೋದರಲ್ಲೇ ಕಳೆಯಬೇಕಾಗುತ್ತದೆ. ‘ಐದು ರೌಂಡ್‌ನಲ್ಲಿ ಬಂಕರ್‌ನಿಂದ ಒಂದೇ ಹೊಡೆತಕ್ಕೆ ಹೊರಗೆ ಬಂದಿದ್ದು ಎರಡೇ ಸಲ’ ಅಂದರೆ ನೇರ ಬಂಕರ್‌ಗೆ ಕರೆದುಕೊಂಡು ಹೋಗುತ್ತಾರೆ.